ಸವಣೂರಿನ ಎಲೆತೋಟ ಕೊಳೆಸಿದವರಾರು?

ಕೊಳೆತ ವೀಳ್ಯದೆಲೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಂಜವ್ವ ಸವಣೂರಿನಿಂದ ಹಾನಗಲ್ಲಿನ ನಮ್ಮ ಲ್ಯಾಬಿಗೆ ಬಂದಳು. "ನನ್ನ ಗಂಡ ವಿಷ ಹೊಡದಿಲ್ರಿ ಅಕ್ಕಾರ. ಅವನ್ನ ಬಿಡಿಸಿಕೊಡ್ರಿ, ಇಲ್ಲಾಂದ್ರ ನಾ ಉಳಿಯಂಗಿಲ್ಲ," ಎಂದು ನೀಲಾಂಬಿಕಾ ಮೇಡಂ ಕಾಲು ಹಿಡಿದಳು.

ಅವಳ ಗಂಡ ಫಕ್ಕೀರಪ್ಪ ಜನ್ನತಬಿಯ ಎಲೆತೋಟದ ಆಳು. ಮಗಳ ಮದುವೆಗೆ ರಜೆ ಕೊಡಲಿಲ್ಲವೆಂದು ಒಡತಿಯೊಡನೆ ಜಗಳವಾಡಿದ್ದ. ಆಮೇಲೆ ಬಳ್ಳಿಗಳು ಕೊಳೆತವು. ಅವನೇ ಕಳೆನಾಶಕ ಹೊಡೆದನೆಂದು ಜನ್ನತಬಿ ದೂರು ಕೊಟ್ಟಳು, ಪೊಲೀಸರು ಒಳಗೆ ಹಾಕಿದರು. ಮೇಡಂ ಬೆಳೆರೋಗದ ತಜ್ಞೆಯಾದರೂ ಇಂಥ ಗಂಟು ಬಿಡಿಸುವುದರಲ್ಲಿ ಹೆಸರುವಾಸಿ. ನಾನು ಮಂಜುಳಾ, ಅವರ ಸಹಾಯಕಿ; ಸಿಡುಕಿ ಅಂತ ನನಗೂ ಹೆಸರಿದೆ.

ಸವಣೂರಿಗೆ ಹೋಗಿ, ಚಪ್ಪಲಿ ಹೊರಗೆ ಬಿಟ್ಟು ಜನ್ನತಬಿಯ ತೋಟ ಹೊಕ್ಕೆವು. ಕೊಳೆತದ್ದು ಪಡುವಣ ಸಾಲುಗಳು ಮಾತ್ರ. ಅವುಗಳ ಬುಡದ ಹುಲ್ಲು ಹಸಿರಾಗಿಯೇ ಇತ್ತು. ಆ ಸಾಲುಗಳ ಎಲೆ ತಾನೇ ಕೊಯ್ಯುವುದು, ಮೂಡಣದವು ಫಕ್ಕೀರಪ್ಪ ಕೊಯ್ಯುವವು ಎಂದಳು ಜನ್ನತಬಿ. ಬಳ್ಳಿ ಕೊಳೆಯುವುದಕ್ಕೆ ಸ್ವಲ್ಪ ಮುಂಚೆ, ಶಿಗ್ಗಾಂವಿಯ ತಂಗಿ ಬಾಣಂತಿಯಾಗಿದ್ದಾಗ ಅವಳ ತೋಟದ ಎಲೆಯನ್ನೂ ಕೊಯ್ದುಕೊಟ್ಟು ಬಂದಿದ್ದಳಂತೆ. ಎಲೆ ಚಿವುಟಲು ಇಬ್ಬರೂ ಹೆಬ್ಬೆರಳಿಗೆ ಹಾಕುವ ತಗಡಿನ ಉಗುರುಗಳನ್ನು ಮೇಡಂ ಕೇಳಿ ತೆಗೆದುಕೊಂಡರು.

ಲ್ಯಾಬಿನಲ್ಲಿ ಕೊಳೆತ ಎಲೆಯ ಅಂಚು ಕತ್ತರಿಸಿ, ಮೇಲಿನ ಹೊಲಸು ತೊಳೆದು ಅರೆದರು. ಬೆಂಕಿಯಲ್ಲಿ ಕಾಯಿಸಿ ಆರಿಸಿದ ತಂತಿಯಿಂದ ಆ ರಸವನ್ನು ಜೀವಾಣು ಬೆಳೆಸುವ ಅಗರ್ ತಟ್ಟೆಯ ಮೇಲೆ ಗೆರೆ ಗೆರೆಯಾಗಿ ಎಳೆದರು. ಗೆರೆ ಮುಂದೆ ಹೋದಂತೆ ಜೀವಾಣುಗಳು ವಿರಳವಾಗಿ, ಕೊನೆಗೆ ಒಂದೊಂದು ಜಾತಿಯೂ ಬೇರೆ ಬೇರೆ ಚುಕ್ಕೆಯಾಗಿ ಬೆಳೆಯುತ್ತದೆ. ಉಗುರುಗಳನ್ನು ತೊಳೆದ ನೀರಿಗೂ ಹಾಗೆಯೇ ಮಾಡಿದರು. ಬೆಳೆಯುವ ತನಕ ಮಂಜವ್ವ ಅನ್ನ ಮುಟ್ಟದೆ ಹೊಸ್ತಿಲಲ್ಲೇ ಕೂತಳು. ಬೈದು ಬೈದು ಚಹಾ ಕುಡಿಸಿದೆ. ತಟ್ಟೆಗಳನ್ನು ಬೈದರೆ ಅವೇನು ಬೇಗ ಬೆಳೆಯುತ್ತವೆಯೇ? ನನಗೂ ಅಳು ಬರುತ್ತಿತ್ತು.

ಕೊನೆಗೆ ತೋಟದ ಬಾಗಿಲಲ್ಲಿ ಎಲ್ಲರೂ ಸೇರಿದೆವು. ಇನ್‌ಸ್ಪೆಕ್ಟರು ಫಕ್ಕೀರಪ್ಪನನ್ನೂ ಕರೆತಂದಿದ್ದರು. ಕಳೆನಾಶಕವಾಗಿದ್ದರೆ ಮೊದಲು ಹುಲ್ಲು ಸಾಯಬೇಕಿತ್ತು ಎಂದರು ಮೇಡಂ. ಕೊಳೆತ ಎಲೆಯಿಂದ ಬೆಳೆದದ್ದು ಹಳದಿ ಲೋಳೆಯ ಒಂದು ಜೀವಾಣು. ಅದನ್ನೊಂದನ್ನೇ ಬೇರ್ಪಡಿಸಿ ಒಳ್ಳೆಯ ಎಲೆಗೆ ಚುಚ್ಚಿದರೆ ಅದೂ ಹಾಗೆಯೇ ಕೊಳೆಯಿತು. ಫಕ್ಕೀರಪ್ಪನ ಉಗುರಿನಲ್ಲಿ ಅದು ಇರಲಿಲ್ಲ. ಶಿಗ್ಗಾಂವಿಯ ತೋಟಕ್ಕೂ ಹೋಗಿ ನೋಡಿದ್ದೆವು. ಅಲ್ಲಿಯ ಎಲೆಯಲ್ಲೂ ಅದೇ ರೋಗ, ಅದೇ ಹಳದಿ.

"ಜನ್ನತಬಿ ಅಕ್ಕಾರ, ತಂಗಿ ಮ್ಯಾಲಿನ ಮಾಯಾಕ ಹೋಗಿದ್ರಿ. ಆ ಜೀವಾಣು ನಿಮ್ಮ ಉಗುರಿನಾಗ ಸಿಕ್ಕೇತಿ. ರೋಗ ಅದರಾಗ ಕುಂತು ಬಂತು. ನೀವು ಚಿವುಟಿದಲ್ಲೆಲ್ಲಾ ಬಳ್ಳಿಗೆ ಹತ್ತೇತಿ," ಎಂದರು ಮೇಡಂ.

ಜನ್ನತಬಿ ಅತ್ತಳು. ದೂರು ಹಿಂದಕ್ಕೆ ತಗೊಳ್ಳುತ್ತೇನೆಂದಳು. ಪಡುವಣ ಸಾಲುಗಳನ್ನೆಲ್ಲ ಕಿತ್ತು ಸುಡಬೇಕು ಎಂದರು ಮೇಡಂ. "ಫಕ್ಕೀರಪ್ಪಾ, ನನ್ನ ಕೈಲೆ ಆಗಂಗಿಲ್ಲೋ. ನಾಳೆ ಬಾ," ಎಂದಳು ಜನ್ನತಬಿ.

ಫಕ್ಕೀರಪ್ಪ ತೋಟದ ಕಡೆ ನೋಡಿದ. "ಆ ಬಳ್ಳಿ ನನ್ನ ಕೈಲೆ ಹಚ್ಚಿದ್ವುರಿ. ಅವಕ್ಕ ನಾ ವಿಷ ಹಾಕ್ತೇನಿ ಅಂತ ನಿಮಗ ಅನಿಸ್ತಲ್ರಿ," ಎಂದ. ಮಂಜವ್ವನ ಕೈ ಹಿಡಿದು ಬಸ್ ನಿಲ್ದಾಣದ ಕಡೆ ನಡೆದ. ಜನ್ನತಬಿ ಎರಡು ಸಲ ಕೂಗಿದಳು, ಅವನು ತಿರುಗಲಿಲ್ಲ.