ಕಿವಿ ನೀರೊಳಗಿದ್ದಾಗ

ಮೊದಲ ದಿನ ಅವಳು ಈಜುಕೊಳದ ಮೆಟ್ಟಿಲ ಮೇಲೆ ಕುಳಿತು, ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೇಳಿದ್ದು ಒಂದೇ ಪ್ರಶ್ನೆ.

"ಇಲ್ಲಿ ಯಾರಾದ್ರೂ ಮುಳುಗಿದಾರಾ?"

"ನನ್ನ ಹತ್ರ ಕಲಿತವರು ಯಾರೂ ಮುಳುಗಿಲ್ಲ," ಅಂದ ಕೋಚ್.

"ಕಲಿಯೋಕೆ ಮುಂಚೆ?"

ಅವನಿಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ. ಕಪ್ಪು ಗಾಗಲ್ಸ್ ಏರಿಸಿಕೊಂಡು, ಯಾರ ಮೇಲೋ ಸಿಟ್ಟು ತೀರಿಸಿಕೊಳ್ಳುವವಳ ಹಾಗೆ ನೀರಿಗೆ ಇಳಿದಳು. ಅವನು ಅವತ್ತೇ ಬಿದ್ದ. ನೀರಿಗಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಸಮುದ್ರ ನೋಡಬೇಕೆಂದರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕಾದ ಊರು ಅದು. ಹತ್ತಿರದಲ್ಲಿ ನದಿಯೂ ಇಲ್ಲ. ಬಸ್ ಸ್ಟ್ಯಾಂಡು, ದೊಡ್ಡಾಸ್ಪತ್ರೆ, ಹಾರ್ನ್ ನಿಲ್ಲದ ಒಂದು ಸರ್ಕಲ್ಲು. ನೀರೆಂದರೆ ಮನೆಯ ನಲ್ಲಿ, ಇಲ್ಲವೇ ನಗರಸಭೆಯ ಈ ಕೊಳ. ಅರ್ಧ ಊರಿಗೆ ಈಜು ಕಲಿಸಿದ ಕೋಚ್ ಸಮುದ್ರವನ್ನೇ ನೋಡಿರಲಿಲ್ಲ. ತಳದ ನೀಲಿ ಟೈಲ್ಸ್ ಕಾಣದ ನೀರೆಂದರೆ ಅವನಿಗೂ ಒಳಗೊಳಗೇ ಅಳುಕು. ಇದನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಅವಳು ದೊಡ್ಡಾಸ್ಪತ್ರೆಯ ಐಸಿಯುವಿನಲ್ಲಿ ನರ್ಸು. ದ್ವೀಪದಿಂದ ದ್ವೀಪಕ್ಕೆ ಹೋಗುವ ಆಸ್ಪತ್ರೆ ಹಡಗೊಂದರಲ್ಲಿ ಕೆಲಸ ಸಿಗುವುದರಲ್ಲಿತ್ತು. ಈಜು ಬಾರದವರನ್ನು ಹಡಗು ಹತ್ತಿಸುವುದಿಲ್ಲ ಎಂದಿದ್ದರಿಂದ ಕಲಿಯಲು ಬಂದಿದ್ದಳು. ಊರಿಗೆಲ್ಲ ಅವಳು 'ಸಿಸ್ಟರ್'. ಪಂಪ್ ನೋಡಿಕೊಳ್ಳುವ ತಾತ ಕೂಡ "ಬಂದ್ರಾ ಸಿಸ್ಟರ್" ಎನ್ನುತ್ತಿದ್ದ. ಕೋಚ್ ಮಾತ್ರ ಅಪ್ಪಿತಪ್ಪಿಯೂ ಆ ಪದ ಬಾಯಿಗೆ ತರಲಿಲ್ಲ.

"ಎಲ್ರೂ ಸಿಸ್ಟರ್ ಅಂತಾರೆ. ನಿಮಗೊಬ್ಬರಿಗೆ ಏನು ಕಷ್ಟ?"

"ಮನೇಲಿ ಒಬ್ಬಳು ತಂಗಿ ಇದಾಳೆ, ಮೇಡಂ. ಸಾಕು."

ಅವಳ ತುಟಿಯ ಒಂದು ಕೊನೆ ಮಾತ್ರ ನಕ್ಕಿತು. ಆ ಒಂದು ಕೊನೆಯನ್ನು ನೆನೆದುಕೊಂಡು ಅವನು ಅವತ್ತು ಮನೆ ದಾಟಿ ಮುಂದಿನ ಬೀದಿಯವರೆಗೂ ಸೈಕಲ್ ತುಳಿದಿದ್ದ.

ಮೊದಲ ಪಾಠ ತೇಲುವುದು. ಅಂಗಾತ ಮಲಗಿದ ಅವಳ ತಲೆಯ ಕೆಳಗೆ ಅವನ ಅಂಗೈ, ಕಿವಿಗಳೆರಡೂ ನೀರೊಳಗೆ.

"ಏನೂ ಕೇಳಿಸಲ್ಲ. ಭಯ ಆಗುತ್ತೆ," ಎಂದಳು ಅವಳು.

"ಕೇಳದಿದ್ರೆ ಒಳ್ಳೇದೇ. ಊರಿನ ಗಲಾಟೆ ತಪ್ಪುತ್ತೆ."

ಕೇಳಿಸುವುದಿಲ್ಲ ಎಂಬ ಆ ಧೈರ್ಯವೇ ಅವನನ್ನು ಕೆಡಿಸಿತು. ಅವಳ ಕಿವಿ ಮುಳುಗಿದೊಡನೆ ಅವನ ಬಾಯಿ ತೆರೆಯುತ್ತಿತ್ತು, ತೀರಾ ಮೆಲ್ಲಗೆ. "ಇವತ್ತು ತಡ ಮಾಡಿದ್ರಿ. ಗೇಟ್ ನೋಡಿ ನೋಡಿ ಕತ್ತು ನೋವು ಬಂತು." ಮರುದಿನ, "ನಿಮ್ಮ ಮೂಗಿನ ಮೇಲೆ ಒಂದು ಹನಿ ಕೂತಿದೆ. ಅದರ ಪುಣ್ಯ ನೋಡಿ." ಕೊನೆಕೊನೆಗೆ ತಡೆಯಲಾಗದೆ, "ಹೋಗಬೇಡಿ. ನೀವಿಲ್ಲದ ಈ ಊರು ನನಗೆ ಬೇಡ."

ಕಪ್ಪು ಗಾಜಿನ ಹಿಂದೆ ಅವಳು ಅಲುಗಾಡದೆ ಮಲಗಿರುತ್ತಿದ್ದಳು. ಆಮೇಲೆ ತಲೆ ಎತ್ತಿ, ಕಿವಿಯ ನೀರು ಕೊಡವಿ, ಪ್ರತಿ ಸಲವೂ ಕೇಳುತ್ತಿದ್ದಳು.

"ಏನಾದ್ರೂ ಹೇಳಿದ್ರಾ ಸರ್?"

"ಕಾಲು ಸಡಿಲ ಬಿಡಿ ಅಂದೆ."

"ಅಷ್ಟೇನಾ?"

"ಅಷ್ಟೇ."

ಪರೀಕ್ಷೆಯ ದಿನ ಹಡಗಿನ ಕಡೆಯವರು ಬಂದು ದಡದಲ್ಲಿ ನಿಂತರು. ಅವಳು ಆ ತುದಿಯಿಂದ ಈ ತುದಿಗೆ ಮೀನಿನಂತೆ ಬಂದಳು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಕೋಚ್. ಉಳಿದವರ ಚಪ್ಪಾಳೆ ನಿಲ್ಲುವ ಮೊದಲೇ, ಕ್ಲೋರಿನ್ ಡಬ್ಬ ಎತ್ತಿಡುವ ನೆಪದಲ್ಲಿ ಒಳಗೆ ಹೋದ.

ಊರು ಬಿಡುವ ದಿನ ಮಧ್ಯಾಹ್ನ ಅವಳು ಹೇಳಿಹೋಗಲು ಬಂದಳು. ಚಪ್ಪಲಿ ಬಿಟ್ಟು, ದಡದಲ್ಲಿ ಕುಳಿತು, ಪಾದ ನೀರಿಗೆ ಇಳಿಬಿಟ್ಟಳು. ಅವನೂ ಸ್ವಲ್ಪ ಅಂತರ ಬಿಟ್ಟು ಕುಳಿತ.

"ಐಸಿಯುನಲ್ಲಿ ಕೆಲವು ರೋಗಿಗಳ ಗಂಟಲಿಗೆ ತೂತು ಮಾಡಿ ಟ್ಯೂಬ್ ಹಾಕಿರ್ತಾರೆ ಗೊತ್ತಾ?" ಎಂದಳು. "ಅವರಿಗೆ ದನಿ ಬರಲ್ಲ. ತುಟಿ ಆಡಿಸ್ತಾರೆ, ಅಷ್ಟೇ. ನೀರು ಬೇಕು, ಮಗಳನ್ನ ಕರೀರಿ, ಭಯ ಆಗ್ತಿದೆ... ಎಲ್ಲಾ ನಾನು ತುಟಿ ನೋಡೇ ತಿಳ್ಕೊಳ್ಳೋದು."

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು.

"ನಿಮ್ಮ ಮುಖ ತಲೆಕೆಳಗಾಗಿ ಕಾಣ್ತಿತ್ತು. ಮೊದಮೊದಲು ಕಷ್ಟ ಆಯ್ತು. ಆಮೇಲೆ ರೂಢಿ ಆಯ್ತು."

"ಎಲ್ಲಾನೂ...?"

"ಮೂಗಿನ ಮೇಲಿನ ಹನಿ ಕೂಡ."

"ಮತ್ತೆ ಯಾಕೆ ಒಂದು ಮಾತೂ ಆಡಲಿಲ್ಲ ನೀವು?"

"ನಾನಾ?" ಅವಳ ದನಿ ಒಡೆಯಿತು. "ಪ್ರತಿ ಸಲ ತಲೆ ಎತ್ತಿ ಕೇಳಿದೆನಲ್ಲ, ಏನಾದ್ರೂ ಹೇಳಿದ್ರಾ ಅಂತ. ಒಂದೇ ಒಂದು ಸಲ ಗಟ್ಟಿಯಾಗಿ ಅಂದಿದ್ರೆ, ಪರೀಕ್ಷೆ ದಿನ ನಾನು ನೀರಿಗೇ ಇಳೀತಿರಲಿಲ್ಲ."

"ಈಗ ಹೇಳ್ತೀನಿ. ಹೋಗಬೇಡಿ."

"ಈಗ ಅಲ್ಲಿ ನನ್ನನ್ನ ನಂಬಿ ಕಾಯ್ತಿದಾರೆ. ಮಾತು ಕೊಟ್ಟಾಗಿದೆ." ಅವಳು ಅವನತ್ತ ತಿರುಗಿದಳು. ಗಾಗಲ್ಸ್ ಇಲ್ಲದ ಕಣ್ಣು ಇಷ್ಟು ಹತ್ತಿರದಿಂದ ಅವನು ಕಂಡದ್ದು ಅವತ್ತೇ. "ನೀವು ಬರ್ತೀರಾ? ಅಲ್ಲೂ ಮಕ್ಕಳು ಈಜು ಕಲೀತಾರೆ."

ಹೂಂ ಎಂದಿದ್ದರೆ ಸಾಕಿತ್ತು. ಅವನಿಗೆ ಅಮ್ಮನ ಮುಖ ಕಂಡಿತು, ಮದುವೆ ವಯಸ್ಸಿಗೆ ಬಂದ ತಂಗಿ ಕಂಡಳು, ತಳವೇ ಕಾಣದ ಕಪ್ಪು ನೀರು ಕಂಡಿತು. ಬಾಯಿ ತೆರೆದ. ದನಿ ಹೊರಡಲಿಲ್ಲ. ಈ ಸಲ ತುಟಿಯೂ ಆಡಲಿಲ್ಲ.

"ಮನೇಲಿ ಅಮ್ಮ..." ಎಂದ ಕೊನೆಗೆ.

"ಗೊತ್ತಾಯ್ತು," ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. "ಬರ್ತೀನಿ ಸರ್."

ಗೇಟಿನ ಹತ್ತಿರ ಹೋದವಳು ತಿರುಗಿ ನಿಂತಳು. ಇಬ್ಬರ ನಡುವೆ ಇಡೀ ಕೊಳವಿತ್ತು. ಅವಳ ತುಟಿಗಳು ಒಮ್ಮೆ ಕೂಡಿ, ತೆರೆದು, ಮತ್ತೇನೋ ಆಡಿ ನಿಂತವು. ದನಿ ಇರಲಿಲ್ಲ.

"ಏನಂದ್ರಿ?" ಅವನು ಕೂಗಿದ.

ತುಟಿಯ ಆ ಒಂದು ಕೊನೆ ನಕ್ಕಿತು. ಕಣ್ಣು ತುಂಬಿತ್ತು.

"ಕಾಲು ಸಡಿಲ ಬಿಡಿ ಅಂದೆ."

"ಅಷ್ಟೇನಾ?"

"ಅಷ್ಟೇ," ಎಂದು ಅವಳು ಹೊರಟುಹೋದಳು.

ಈಗಲೂ ಕೊಳಕ್ಕೆ ಜನ ಬರುತ್ತಾರೆ, ತೇಲುತ್ತಾರೆ. ಅವರ ಕಿವಿ ಮುಳುಗಿದಾಗ ಕೋಚ್ ಬಾಯಿ ಬಿಗಿದು ನಿಲ್ಲುತ್ತಾನೆ. ಎಲ್ಲರೂ ಹೋದ ಮೇಲೆ ಬಟ್ಟೆ ಬದಲಿಸುವ ಕೋಣೆಯ ಕನ್ನಡಿಯ ಮುಂದೆ ನಿಂತು, ಒಂದೊಂದೇ ಮಾತನ್ನು ದನಿಯಿಲ್ಲದೆ ಆಡಿ ನೋಡುತ್ತಾನೆ. ಅವಳ ತುಟಿ ಆಡಿದ ಹಾಗೆ ಯಾವುದೂ ಕಾಣುವುದಿಲ್ಲ.

"ಯಾರ ಹತ್ರ ಮಾತಾಡ್ತಿದೀಯಪ್ಪಾ?" ಎಂದು ಬಾಗಿಲಲ್ಲಿ ಇಣುಕಿದ ತಾತ ಕೇಳುತ್ತಾನೆ.

"ಯಾರೂ ಇಲ್ಲ ತಾತ," ಎಂದು ಗಟ್ಟಿಯಾಗಿ ಹೇಳಿ, ಕೋಚ್ ಮತ್ತೆ ಕನ್ನಡಿಯ ಕಡೆ ತಿರುಗುತ್ತಾನೆ.