ಹಳೇ ಡೋಸ್

ಚಾಕುವಿನ ತುದಿ ನನ್ನ ಪಕ್ಕೆಗೆ ಒತ್ತಿತ್ತು.

"ಮೇಲೆ ಯಾರನ್ನ ಹುಡುಕ್ತಿದ್ದೀಯ?"

ಮಾದಕ ಪುಡಿ ಮಾರುವವನು. ಟೆರೇಸಿನ ಮೆಟ್ಟಿಲಲ್ಲಿ ನಾನು ಹತ್ತುತ್ತಿದ್ದೆ, ಅವನು ಇಳಿಯುತ್ತಿದ್ದ. ಜಾಗ ಇದ್ದದ್ದು ಒಬ್ಬರಿಗಷ್ಟೇ.

"ಲಿಫ್ಟ್ ಮೆಕ್ಯಾನಿಕ್‌ನ. ಅವನ ಅಕ್ಕ ಕಳಿಸಿದ್ದಾರೆ."

ಕಾಣೆಯಾದವರನ್ನು ಹುಡುಕಿಕೊಡುವುದು ನನ್ನ ಕಸುಬು. ಈ ಮೆಕ್ಯಾನಿಕ್ ಲಿಫ್ಟ್ ಗುಂಡಿಗೆ ಬಿದ್ದು ಸೊಂಟ ಮುರಿದುಕೊಂಡಿದ್ದ. ಮೊದಲು ನೋವಿನ ಮಾತ್ರೆ. ಆಮೇಲೆ ಮಾತ್ರೆಯಿಲ್ಲದೆ ನಿದ್ದೆಯಿಲ್ಲ. ಕೊನೆಗೆ ಸೂಜಿ... ಎರಡು ತಿಂಗಳು ಚಿಕಿತ್ಸಾ ಕೇಂದ್ರದಲ್ಲಿದ್ದು ಹೊರಬಂದವನು ನಿನ್ನೆಯಿಂದ ನಾಪತ್ತೆ. ಅವನು ಲಿಫ್ಟ್ ರಿಪೇರಿ ಮಾಡುತ್ತಿದ್ದ ಕಟ್ಟಡಗಳನ್ನೆಲ್ಲ ಹತ್ತಿ ಇಳಿದು ಇಲ್ಲಿಗೆ ಬಂದಿದ್ದೆ.

"ಮಲಗಿದ್ದಾನೆ. ಎಬ್ಬಿಸಬೇಡ."

"ಎಷ್ಟು ಕೊಟ್ಟೆ?"

"ಮಾಮೂಲಿನಷ್ಟೇ. ನಾನೇನು ಕಟುಕನಾ?"

ನನಗೆ ಹೆದರಿಕೆಯಾಯಿತು. ಚಾಕುವಿಗಲ್ಲ.

"ಲೇ... ಅವನು ಎರಡು ತಿಂಗಳಿಂದ ಮುಟ್ಟಿರ್ಲಿಲ್ಲ. ಮೈಗೆ ಅಭ್ಯಾಸ ತಪ್ಪಿದೆ. ಆಗ ತಡ್ಕೋತಿದ್ದ ಡೋಸ್ ಈಗ ಉಸಿರು ನಿಲ್ಲಿಸುತ್ತೆ."

ಚಾಕು ತುಸು ಸಡಿಲಾಯಿತು. ಅಷ್ಟು ಸಾಕಿತ್ತು. ಮೊಣಕೈಯಿಂದ ಅವನ ಮೂಗಿಗೆ ಬಾರಿಸಿ ಮೇಲಕ್ಕೆ ನುಗ್ಗಿದೆ.

ಟೆರೇಸಿನ ಮೂಲೆಯಲ್ಲಿ ಲಿಫ್ಟಿನ ಮೋಟಾರ್ ರೂಮು. ಕಬ್ಬಿಣದ ಬಾಗಿಲು. ಯಾರೂ ನೋಡದಿರಲೆಂದು ಆ ಪಾಪಿ ಹೊರಗಿನಿಂದ ಬೀಗ ಹಾಕಿದ್ದ.

ಕೀ ಅವನ ಹತ್ತಿರ!

ತಿರುಗಿ ಓಡಿದೆ. ಅವನಾಗಲೇ ಎರಡು ಮಹಡಿ ಇಳಿದಿದ್ದ. ಮೆಟ್ಟಿಲು ಹಾರಿ ಹಾರಿ ಹೋಗಿ ಅವನ ಕಾಲರ್ ಹಿಡಿದೆ. ಚಾಕು ನನ್ನ ತೋಳನ್ನು ಸೀಳಿತು. ನಾನು ಬಿಡಲಿಲ್ಲ.

"ಕೀ."

"ಪೊಲೀಸರಿಗೆ ಹೇಳ್ತೀಯ..."

"ಕೀ ಕೊಟ್ಟು ಎಲ್ಲಿಗಾದ್ರೂ ಹಾಳಾಗಿ ಹೋಗು."

ಕೊಟ್ಟ. ಹೋದ.

ಮೇಲೆ ಓಡಿ ಬೀಗ ತೆಗೆದೆ. ಮೆಕ್ಯಾನಿಕ್ ಗೋಡೆಗೆ ಒರಗಿದ್ದ. ತುಟಿ ನೀಲಿ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಗಂಟಲಲ್ಲಿ ಗೊರಕೆಯಂಥ ಸದ್ದು... ಆಮೇಲೆ ಅದೂ ಇಲ್ಲ.

ಆಂಬುಲೆನ್ಸಿಗೆ ಫೋನ್ ಮಾಡಿದೆ. ಅವನನ್ನು ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಊದಿದೆ. ಪಕ್ಕದಲ್ಲೇ ಮೋಟಾರ್ ಗುಂಯ್‌ಗುಟ್ಟಿತು. ಕೆಳಗೆ ಯಾರೋ ಬಟನ್ ಒತ್ತಿರಬೇಕು. ಇಡೀ ಕಟ್ಟಡದ ಜನ ಇವನ ಕಿವಿಯ ಪಕ್ಕದಲ್ಲೇ ಹತ್ತಿ ಇಳಿಯುತ್ತಿದ್ದರು. ಇವನಿಲ್ಲಿದ್ದಾನೆಂದು ಒಬ್ಬರಿಗೂ ಗೊತ್ತಿಲ್ಲ.

ಊದಿದೆ. ಮತ್ತೆ ಊದಿದೆ.

ಆಂಬುಲೆನ್ಸಿನವರು ಬಂದು ಅಮಲಿಳಿಸುವ ಇಂಜೆಕ್ಷನ್ ಚುಚ್ಚಿದ ಮೇಲೆ ಕೆಮ್ಮಿದ.

ಆಸ್ಪತ್ರೆಯಿಂದ ಅವನ ಅಕ್ಕನಿಗೆ ಫೋನ್ ಮಾಡಿದೆ.

"ಸಿಕ್ಕಿದ. ಬದುಕಿದ್ದಾನೆ."



"ಅಷ್ಟು ಸಾಕು ಸರ್. ನೀವಿನ್ನು ಹೊರಡಿ."

"ನೀವು ಬರಲ್ವಾ?"

"ಇದು ನಾಲ್ಕನೇ ಸಲ. ಇನ್ನು ನನ್ನ ಕೈಲಿ ಆಗಲ್ಲ." ಫೋನ್ ಕಟ್ಟಾಯಿತು.

ಮೆಕ್ಯಾನಿಕ್ ಕಣ್ಣು ಬಿಟ್ಟ. "ಅಕ್ಕ ಬಂದ್ಲಾ?"

"ದಾರೀಲಿದ್ದಾರೆ."

ಸುಳ್ಳು ಹೇಳುವುದೂ ನನ್ನ ಕಸುಬೇ. ಆದರೂ ಅವನ ಮುಖ ನೋಡಲಿಲ್ಲ.

ನರ್ಸ್ ನನ್ನ ತೋಳಿಗೆ ಬ್ಯಾಂಡೇಜು ಸುತ್ತುತ್ತಾ ಹೇಳಿದಳು, "ಇಂಜೆಕ್ಷನ್ ಪವರ್ ಇಳಿದ್ರೆ ಅವರಿಗೆ ಉಸಿರು ಮತ್ತೆ ನಿಲ್ಲಬಹುದು. ನಾವು ನೋಡ್ತಿರ್ತೀವಿ. ಆದ್ರೂ ಪಕ್ಕದಲ್ಲಿ ಮನೆಯವರೊಬ್ಬರು ಇರಲಿ. ನೀವು ಅವರಿಗೆ ಏನಾಗಬೇಕು?"

"ಏನೂ ಆಗಬೇಕಿಲ್ಲ," ಎಂದು ಕುರ್ಚಿ ಎಳೆದುಕೊಂಡು ಕೂತೆ.

ಮನೆಗೆ ಹೋದರೆ ನನ್ನೆದುರು ಇರುವುದು ಗೋಡೆ. ಇವನಾದರೂ ಉಸಿರಾಡುತ್ತಾನೆ.