ಯಾರೂ ಒಯ್ಯದ ಭರಣಿಗಳು

"ಸಂಜೆ ಆರು ಗಂಟೆಗೆ ಪಕ್ಷದ ಆಫೀಸಿಗೆ ಫೋನ್ ಮಾಡ್ತೀನಿ, ಮಾವ. ಚುನಾವಣೆಗೆ ನಾನು ನಿಲ್ಲಲ್ಲ ಅಂತ ಹೇಳ್ಬಿಡ್ತೀನಿ. ಅಷ್ಟರೊಳಗೆ ಏನಾದ್ರೂ ಗೊತ್ತಾದ್ರೆ ಸರಿ, ಇಲ್ದಿದ್ರೆ ಮುಗೀತು."

ಕೊಲೆಟ್ ಗಾನ್ಯೋ ಹೀಗೆ ಹೇಳಿದ್ದು ಓನೆಸಿಮ್ ಡೇಗಲ್‌ನ ಜಗಲಿ ಮೆಟ್ಟಿಲ ಮೇಲೆ ನಿಂತು. ಕರು ಅಡ್ಡ ಸಿಕ್ಕಿಕೊಂಡ ಹಸುವಿನ ಮುಂದೆಯೂ ಬೆವರದ ನಮ್ಮ ದನದ ಡಾಕ್ಟರಮ್ಮ, ಅವತ್ತು ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು. ಅವಳ ಹಿಂದೆ ಅಡುಗೆಯ ರೊಸೇರ್ ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ನಿಂತಿದ್ದ. ಮರ ಕಡಿಯುವವರ ಬಿಡಾರಗಳಲ್ಲಿ ಜೀವಮಾನವೆಲ್ಲ ಅಡುಗೆ ಮಾಡಿದ ಮುದುಕ ಅವನು.

ನಾನು ಬಟಾಣಿ ಸುಲಿಯುತ್ತಾ ಕೂತಿದ್ದೆ. ನನ್ನ ಹೆಸರು ವರ್ನಾ ಪ್ಲೂರ್ಡ್. ಸೇಂಟ್ ಎಲ್ಮೀರ್ ಊರಿನ ಶಾಲೆ ಬಸ್ಸು ಓಡಿಸುತ್ತೇನೆ, ಬೇಸಿಗೆ ರಜೆ ಬಂದರೆ ಓನೆಸಿಮ್‌ನ ತಲೆ ತಿನ್ನುತ್ತೇನೆ. ಅವನು ನಿವೃತ್ತ ಕಾಡಿನ ಗಾರ್ಡು. ಕದ್ದು ಕಡವೆ ಹೊಡೆದವರನ್ನೆಲ್ಲ ಹುಡುಕಿ ಹಿಡಿದ ಮನುಷ್ಯ. ಈಗಲೂ ನಮ್ಮ ಕಣಿವೆಯಲ್ಲಿ ಏನೇ ಎಡವಟ್ಟಾದರೂ ಜನ ಪೊಲೀಸರಿಗಿಂತ ಮೊದಲು ಅವನ ಜಗಲಿಗೇ ಬರುತ್ತಾರೆ.

"ಕೂತ್ಕೋ ಮಗಳೇ," ಎಂದ ಓನೆಸಿಮ್. "ರೊಸೇರ್, ನೀನೂ ಕೂತ್ಕೊಳ್ಳಯ್ಯ. ಟೋಪಿ ಏನು ತಪ್ಪು ಮಾಡಿದೆ, ಬಿಡು ಅದನ್ನ."

ನಡೆದದ್ದು ಇಷ್ಟು. ನಮ್ಮ ಹಳೇ ಸಂಸದರು ವಯಸ್ಸಾಯಿತೆಂದು ಈ ಸಲ ನಿಲ್ಲಲಿಲ್ಲ. ಖಾಲಿಯಾದ ಸೀಟಿಗೆ ನಮ್ಮ ಪಕ್ಷದಿಂದ ಕೊಲೆಟ್, ಎದುರಿಗೆ ದಕ್ಷಿಣದ ಕಡೆಯ ಶ್ರೀಮಂತ ವಕೀಲ ವಿಟ್‌ಕಮ್. ಇಬ್ಬರಿಗೂ ಕೂದಲೆಳೆಯ ಪೈಪೋಟಿ. ಭಾನುವಾರ ಸಂತ ಆ್ಯನ್ ಹಬ್ಬದ ಊಟ. ಚುನಾವಣೆ ವರ್ಷದಲ್ಲಿ ಆ ಊಟಕ್ಕೆ ಒಂದೊಂದು ಪಕ್ಷದ್ದು ಒಂದೊಂದು ಕಾಳಿನ ಗುಂಡಿ. ಹಿಂದಿನ ದಿನ ಗುಂಡಿ ತೋಡಿ, ಕಲ್ಲು ಜೋಡಿಸಿ, ಮೇಪಲ್ ಕಟ್ಟಿಗೆ ಉರಿಸಿ ಕೆಂಡ ಮಾಡುತ್ತಾರೆ. ಬೀನ್ಸ್ ಕಾಳು, ಉಪ್ಪು ಹಂದಿಮಾಂಸ, ಕಾಕಂಬಿ ಹಾಕಿದ ಕಬ್ಬಿಣದ ಹಂಡೆಯನ್ನು ಇಳಿಸಿ, ಮೇಲೆ ಮಣ್ಣು ಮುಚ್ಚಿ ರಾತ್ರಿಯಿಡೀ ಬಿಡುತ್ತಾರೆ. ಮರುದಿನ ಎಲ್ಲರೆದುರು ತೆಗೆದು ಬಡಿಸುತ್ತಾರೆ.

ಕೊಲೆಟ್‌ಳ ಹಂಡೆ ರೊಸೇರ್‌ನದು. ಊಟ ಮುಗಿಯುವ ಹೊತ್ತಿಗೆ ಅವಳ ಮೇಜುಗಳಲ್ಲಿ ಉಂಡವರು ಒಬ್ಬೊಬ್ಬರಾಗಿ ಹೊಟ್ಟೆ ಹಿಡಿದುಕೊಂಡು ಎದ್ದರು. ಅಯ್ಯೋ, ಚರ್ಚಿನ ಹಿತ್ತಲಲ್ಲಿ ಆದ ಆ ಫಜೀತಿಯನ್ನು ಟಿವಿಯವರು ಬಿಡದೆ ತೋರಿಸಿದರು. ಮುದುಕ ಆಲ್ಫೇ ಆಸ್ಪತ್ರೆ ಸೇರಿದ. ವಿಟ್‌ಕಮ್‌ನ ಮೇಜುಗಳಲ್ಲಿ ಯಾರಿಗೂ ಏನೂ ಆಗಲಿಲ್ಲ. "ಊರಿಗೇ ಸರಿಯಾಗಿ ಉಣ್ಣಿಸಲಾರದವಳು ದೇಶ ನೋಡ್ಕೋತಾಳಾ?" ಎಂದು ಮರುದಿನವೇ ಅವನ ಕಡೆಯವರ ಮೂದಲಿಕೆ ಶುರುವಾಯಿತು.

"ಆರೋಗ್ಯ ಇಲಾಖೆಯವರು ಕಾಳು ಒಯ್ದಿದಾರೆ. ರಿಪೋರ್ಟ್ ಬರೋದು ಮುಂದಿನ ತಿಂಗಳು," ಎಂದಳು ಕೊಲೆಟ್. "ಈ ತಿಂಗಳು ಮುಗಿಯೋದ್ರೊಳಗೆ ನಾನು ಸರಿದ್ರೆ ಪಕ್ಷದವರು ಬೇರೆಯವರನ್ನ ನಿಲ್ಲಿಸಬಹುದು. ಆಮೇಲೆ ಆಗಲ್ಲ. ಹಾರ್ಲನ್ ಹೇಳ್ತಿದಾನೆ, ಮರ್ಯಾದೆಯಾಗಿ ಸರಿಯೋದೇ ಒಳ್ಳೇದು ಅಂತ."

ಹಾರ್ಲನ್ ಪೈಕ್ ನಮ್ಮೂರವನೇ. ಹಳೇ ಸಂಸದರ ಚೀಲ ಹೊತ್ತು, ಭಾಷಣ ಬರೆದುಕೊಟ್ಟು ಕೂದಲು ನೆರೆಸಿಕೊಂಡವನು. ಈಗ ಕೊಲೆಟ್‌ಳ ಪ್ರಚಾರವನ್ನೆಲ್ಲ ನೋಡಿಕೊಳ್ಳುತ್ತಿದ್ದ.

"ನನಗೋಸ್ಕರ ಸರೀತಿದಾಳೆ ಕಣಯ್ಯಾ ಇವಳು!" ರೊಸೇರ್ ತಡೆಯಲಾರದೆ ಹೇಳಿದ. "ಟಿವಿಯವರು ನನ್ನ ಮನೆ ಬಾಗಿಲಲ್ಲೇ ಬೀಡು ಬಿಟ್ಟಿದಾರೆ. ವಿಷದ ಮುದುಕ ಅಂತಾರೆ. ಇವಳು ಕಣದಲ್ಲಿರೋ ತನಕ ಅವರು ನನ್ನ ಬಿಡಲ್ವಂತೆ. ನಾನು ಯಾರಿಗೂ ಕೆಟ್ಟದ್ದು ಬಡಿಸಿಲ್ಲ, ದೇವರಾಣೆ."

ಆ ವಿಟ್‌ಕಮ್‌ನ ಹುಡುಗರದೇ ಕೆಲಸ ಎಂದು ನಾನು ಅಲ್ಲೇ ತೀರ್ಪು ಕೊಟ್ಟುಬಿಟ್ಟೆ. "ರಾತ್ರಿ ಬಂದು ಗುಂಡಿ ತೆಗೆದು ಏನೋ ಸುರಿದಿದಾರೆ, ಮನೆಹಾಳರು!"

"ಕಾಳು ಬೆಂದಿತ್ತಾ ರೊಸೇರ್?" ಎಂದ ಓನೆಸಿಮ್.

"ಬೆಣ್ಣೆ ಹಾಗೆ ಬೆಂದಿತ್ತು."

"ನಡುವೆ ಮಣ್ಣು ತೆಗೆದಿದ್ರೆ?"

"ಕಾವು ಹೋಗಿಬಿಡುತ್ತೆ. ಅರ್ಧಂಬರ್ಧ ಬೇಯುತ್ತೆ. ಆಮೇಲೆ ಏನು ಮಾಡಿದ್ರೂ ಮೆತ್ತಗಾಗಲ್ಲ."

"ಅಲ್ಲಿಗೆ ವರ್ನಾಳ ಮನೆಹಾಳರು ರಾತ್ರಿ ಮನೇಲೇ ಮಲಗಿದ್ರು," ಎಂದು ನನ್ನ ಕಡೆ ನೋಡಿದ. "ಹಂಡೆ ಇಳಿಸಿದ್ದು, ತೆಗೆದದ್ದು ಎರಡೂ ಊರೆಲ್ಲ ನೋಡ್ತಿದ್ದಾಗ. ನೀನು ಆ ಕಾಳು ತಿಂದೆಯೇನೇ?"

"ತಿನ್ನದೆ ಇರ್ತೀನಾ? ನನ್ನ ಬಸ್ಸಿನ ಟೈರು ದಾರೀಲಿ ಹೋಯ್ತು. ಬಸ್ಸಿನಲ್ಲಿ ಕರ್ಕೊಂಡು ಬಂದ ಮುದುಕ ಮುದುಕೀರೂ ನಾನೂ ಕೊನೇ ಪಂಕ್ತಿಗೆ ಕೂತ್ವಿ. ಅದೇ ಹಂಡೆ, ಅದೇ ಸೌಟು. ನಮಗ್ಯಾರಿಗೂ ಒಂದು ತೇಗೂ ಕೆಟ್ಟು ಬರಲಿಲ್ಲ."

ಓನೆಸಿಮ್ ಪೈಪನ್ನು ಬಾಯಿಂದ ತೆಗೆದ. "ಮೊದಲು ಕೂತವರಿಗೆ ಇದ್ದು ನಿಮಗೆ ಇಲ್ಲದ್ದು ಏನು?"

ಯೋಚಿಸಿದೆ. "ಪ್ಲಾಯ್ ದೋಸೆ ಇತ್ತು, ಬೆಣ್ಣೆ ಇತ್ತು, ಕಾಫಿ ಇತ್ತು... ಹಾಂ, ಸುರುಳಿ ಉಪ್ಪಿನಕಾಯಿ ಖಾಲಿಯಾಗಿತ್ತು. ತಟ್ಟೇಲಿ ಒಂದೇ ಒಂದು ಉಳಿದಿತ್ತು. ಆಸೆಗೆ ಬಾಯಿಗೆ ಹಾಕ್ಕೊಂಡೆ. ಕಲ್ಲು ಕಣಯ್ಯಾ! ನನ್ನ ಕಟ್ಟಿಸಿದ ಹಲ್ಲು ಕಿತ್ತು ಬರ್ತಿತ್ತು. ಕರವಸ್ತ್ರಕ್ಕೆ ಉಗಿದೆ. ಮೊದಲು ತಿಂದವರೆಲ್ಲ ಮಾತ್ರ, ಆಹಾ, ಏನು ಗರಿಗರಿ ಅಂತ ಹೊಗಳ್ತಿದ್ರು."

ಹೊಳೆದಡದ ಜರೀಗಿಡದ ಸುರುಳಿ ಚಿಗುರು ಅದು. ವಸಂತದಲ್ಲಿ ಕಿತ್ತು, ವಿನೆಗರ್ ಹಾಕಿ ವರ್ಷಕ್ಕಾಗುವಷ್ಟು ಇಟ್ಟುಕೊಳ್ಳುತ್ತೇವೆ. ಓನೆಸಿಮ್ ಸುಮ್ಮನೆ ಎದ್ದು ಟೋಪಿ ಹಾಕಿಕೊಂಡ.

"ಚರ್ಚಿಗೆ ನಡೀರಿ. ಕೊಲೆಟ್, ಐದು ಗಂಟೆಗೆ ನಿನ್ನ ಕಡೆಯವರನ್ನೆಲ್ಲ ಅಲ್ಲಿಗೇ ಕರೆಸು. ಅಡುಗೆಮನೆ ಹೆಂಗಸರನ್ನೂ ಕರೆಸು."

ಚರ್ಚಿನ ಊಟದ ಹಾಲ್‌ನ ಅಡುಗೆಮನೆ ತೊಳೆದಿಟ್ಟಂತಿತ್ತು. ಓನೆಸಿಮ್ ಕಸದ ಬುಟ್ಟಿ ನೋಡಿದ, ಕಪಾಟು ತೆರೆದ, ಕೊನೆಗೆ ಕಿಟಕಿಯ ಮೇಲಿನ ಹಲಗೆಯತ್ತ ಕೈ ತೋರಿಸಿದ. ಅಲ್ಲಿ ಮೂರು ಗಾಜಿನ ಭರಣಿಗಳಿದ್ದವು. ನೀಲಿ ಛಾಯೆಯ ಹಳೇ ಗಾಜು, ಗಾಜಿನದೇ ಮುಚ್ಚಳ, ಅದರ ಮೇಲೆ ಅದುಮಿ ಹಾಕುವ ತಂತಿಯ ಚಿಲಕ.

"ಇವು ಯಾರವು?"

"ನಮ್ಮ ಮೇಜುಗಳಿಗೆ ಉಪ್ಪಿನಕಾಯಿ ಬಂದಿದ್ದು ಇವುಗಳಲ್ಲೇ," ಎಂದೆ. "ಯಾರವೋ ಗೊತ್ತಿಲ್ಲ. ಈಗ ಎಲ್ಲರ ಮನೇಲೂ ತಿರುಪಿನ ಮುಚ್ಚಳದ್ದೇ."

"ಊಟ ಆದ್ಮೇಲೆ ನಿಮ್ಮ ಭರಣಿ ನೀವು ಬಿಟ್ಟು ಹೋಗ್ತೀರಾ?"

ನನಗೆ ನಗು ಬಂತು. "ಸರಿ ಹೋಯ್ತು! ಹೋದ ವರ್ಷ ಒಂದು ಭರಣಿಗೋಸ್ಕರ ಇಬ್ಬರು ಬೀಗಿತ್ತಿಯರು ಈಸ್ಟರ್ ತನಕ ಮಾತು ಬಿಟ್ಟಿದ್ರು. ಗಂಡನ್ನ ಬೇಕಾದ್ರೆ ಮರೆತು ಹೋಗ್ತೀವಿ, ಭರಣಿ ಮರೆಯಲ್ಲ."

"ಮತ್ತೆ ಇವು ಮೂರು ದಿನದಿಂದ ಇಲ್ಲೇ ಕೂತಿವೆ," ಎಂದ ಓನೆಸಿಮ್. "ತೊಳೆದವರು ಯಾರು?"

"ಹಾರ್ಲನ್," ಎಂದಳು ಕೊಲೆಟ್. "ನಾವೆಲ್ಲ ಕಾಯಿಲೆಯವರನ್ನ ಕಾರಿಗೆ ಸಾಗಿಸ್ತಿದ್ವಿ. ಪಾಪ, ಅವನು ತೋಳು ಮಡಚಿ ಸಿಂಕ್ ಮುಂದೆ ನಿಂತ. ಅವನಿಗೂ ಹೊಟ್ಟೆ ತೊಳಸ್ತಿತ್ತಂತೆ, ಎಲ್ಲ ತೊಳೆದಿಟ್ಟು ಮನೆಗೆ ಹೋದ."

ಓನೆಸಿಮ್ ಒಂದು ಭರಣಿಯ ಚಿಲಕವನ್ನು ಟಕ್ ಎಂದು ಹಾಕಿ ನೋಡಿದ. "ಇನ್ನು ಜನ ಬರಲಿ," ಎಂದಷ್ಟೇ ಹೇಳಿದ. ನಾನು ಎಷ್ಟು ಪೀಡಿಸಿದರೂ ಬಾಯಿ ಬಿಡಲಿಲ್ಲ. ಹಾಳಾದ ಗಂಡಸು!

ಐದಕ್ಕೆ ಹಾಲ್‌ನಲ್ಲಿ ಎಲ್ಲರೂ ಸೇರಿದರು. ಅಡುಗೆಮನೆಯ ಹೆಂಗಸರ ಹಿರಿಯಕ್ಕ ಯೂಡಾಕ್ಸಿ ಕೋಲೂರಿಕೊಂಡು ಬಂದಳು. ಬಾಗಿಲ ಬಳಿ ನಮ್ಮ ಪೊಲೀಸಿನವನು ಕೈಕಟ್ಟಿ ನಿಂತ. ಹಾರ್ಲನ್ ಕೊಲೆಟ್‌ಳ ಪಕ್ಕದಲ್ಲೇ ಕೂತು ಅವಳ ಭುಜ ತಟ್ಟಿದ.

"ಓನೆಸಿಮ್, ಇವಳನ್ನ ಇನ್ನೂ ಯಾಕೆ ಗೋಳು ಹುಯ್ಕೋತೀಯ? ಫೋನ್ ಮಾಡಿ ಮನೆಗೆ ಹೋಗಲಿ ಬಿಡು," ಎಂದ.

"ಇನ್ನೂ ಆರಾಗಿಲ್ಲ," ಎಂದ ಓನೆಸಿಮ್. "ಕೇಳಿ. ಕಾಳು ಸರಿಯಾಗಿ ಬೆಂದಿತ್ತು, ಅಂದ್ರೆ ಗುಂಡಿಯನ್ನ ನಡುವೆ ಯಾರೂ ಮುಟ್ಟಿಲ್ಲ. ಕೊನೇ ಪಂಕ್ತಿಯವರು ಅದೇ ಹಂಡೆ ಬಳಿದು ತಿಂದ್ರು, ಚೆನ್ನಾಗಿದಾರೆ. ಅಂದ್ರೆ ಕೆಟ್ಟಿದ್ದು ಕಾಳಲ್ಲ. ಮೊದಲ ಪಂಕ್ತಿಗೆ ಸಿಕ್ಕಿ ಕೊನೇ ಪಂಕ್ತಿಗೆ ಸಿಗದೇ ಹೋದದ್ದು ಒಂದೇ, ಸುರುಳಿ ಉಪ್ಪಿನಕಾಯಿ. ಅದು ವರ್ನಾಳ ಹಲ್ಲಿಗೆ ಕಲ್ಲಾಗಿತ್ತು. ಸುರುಳೀನ ಉಪ್ಪಿನಕಾಯಿ ಹಾಕೋ ಮೊದಲು ಏನು ಮಾಡ್ತೀರಮ್ಮ?"

"ಚೆನ್ನಾಗಿ ಕುದಿಸ್ತೀವಿ, ಇನ್ನೇನು!" ಎಂದು ಹೆಂಗಸರು ಒಟ್ಟಿಗೇ ಹೇಳಿದರು. "ಹಸೀದು ತಿಂದ್ರೆ ಕರುಳು ಕಿತ್ತು ಬರುತ್ತೆ."

ಹೇಳಿದ ಮೇಲೆ ಅವರಿಗೇ ಅರ್ಥವಾಯಿತು.

"ಅದೇ," ಎಂದ ಓನೆಸಿಮ್. "ನಮ್ಮ ಕಣಿವೇಲಿ ಮಗೂಗೂ ಗೊತ್ತಿರೋ ಮಾತು. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಹೊರಗಿನವರಾಗಿದ್ರೆ ಕುದಿಸಿದ್ದಾ ಅಂತ ಕೇಳ್ತಿದ್ರು. ನಾವು ಕೇಳಲ್ಲ, ನಮ್ಮವರು ಮಾಡಿದ್ದು ಅಂತ ಬಾಯಿಗೆ ಹಾಕ್ಕೋತೀವಿ. ಈ ನಂಬಿಕೆ ಬಲ್ಲವನೇ ಮಾಡಿದ ಕೆಲಸ ಇದು. ವಿಟ್‌ಕಮ್‌ನ ಕಡೆಯವರಿಗೆ ಸುರುಳಿ ಅಂದ್ರೆ ಏನು ಅಂತಾನೇ ಗೊತ್ತಿಲ್ಲ."

ಅವನು ಮೂರು ಭರಣಿಗಳನ್ನು ತಂದು ಮೇಜಿನ ಮೇಲಿಟ್ಟ. "ಯೂಡಾಕ್ಸಿ ಅಕ್ಕಾ, ಇವು ಯಾರವು?"

ಯೂಡಾಕ್ಸಿ ಒಂದನ್ನು ಎತ್ತಿ, ತಂತಿಯ ಚಿಲಕದ ಮೇಲೆ ಬೆರಳಾಡಿಸಿದಳು. "ಇದು ಲಿಯೋನಾದಲ್ವಾ? ತಂತಿ ಭರಣಿ ಬಿಟ್ಟು ಬೇರೆ ಮುಟ್ತಿರಲಿಲ್ಲ ಅವಳು. ಆದ್ರೆ ಲಿಯೋನಾ ಮಣ್ಣಿಗೆ ಹೋಗಿ ಎರಡು ವರ್ಷ ಆಯ್ತಲ್ಲಯ್ಯಾ!"

ಲಿಯೋನಾ ಹಾರ್ಲನ್‌ನ ತಾಯಿ. ಎಲ್ಲರ ಕಣ್ಣೂ ಅವನತ್ತ ತಿರುಗಿತು. ಅವನು ನಕ್ಕ. ಆ ನಗು ಮುಖಕ್ಕೆ ಅಂಟಲಿಲ್ಲ.

"ಅಮ್ಮನ ಸಾಮಾನೆಲ್ಲ ಆಗಲೇ ಮಾರಿದೀನಿ. ಯಾರು ತಗೊಂಡರೋ ಏನೋ."

"ಸುಳ್ಳು ಹೇಳ್ಬೇಡವೋ!" ಯೂಡಾಕ್ಸಿ ಕೋಲು ಕುಟ್ಟಿದಳು. "ಭರಣಿ ಕೊಡಪ್ಪಾ ಅಂತ ನಾನೇ ಬಾಯಿಬಿಟ್ಟು ಕೇಳಿದ್ದೆ. ಅಮ್ಮನ ನೆನಪು, ಯಾರಿಗೂ ಕೊಡಲ್ಲ ಅಂದೆ. ಈಸ್ಟರ್‌ಗೆ ಬಂದಾಗಲೂ ನಿನ್ನ ನೆಲಮಾಳಿಗೇಲಿ ಸಾಲಾಗಿ ಇದ್ವು."

"ಇನ್ನೊಂದು ವಿಷಯ," ಓನೆಸಿಮ್‌ನ ದನಿ ಏರಲಿಲ್ಲ. "ಕೊಲೆಟ್‌ನ ಕಾಳು ನಾನೇ ತಿಂತೀನಿ ನೋಡಿ ಅಂತ ಟಿವಿಯವರ ಮುಂದೆ ಮೊದಲ ಪಂಕ್ತೀಲೇ ಎರಡು ತಟ್ಟೆ ತಿಂದೆ. ಟಿವೀಲಿ ನಾನೂ ನೋಡಿದೆ. ಸುರುಳಿ ಅಂದ್ರೆ ಪ್ರಾಣ ಬಿಡೋನು, ಒಂದನ್ನೂ ಮುಟ್ಟಲಿಲ್ಲ. ಆಮೇಲೆ ಹೊಟ್ಟೆ ತೊಳಸ್ತಿದೆ ಅಂದೆ. ಮಿಕ್ಕವರು ಹಿತ್ತಲಿಗೆ ಓಡಿದಾಗ ನೀನು ನಿಂತು ಭರಣಿ ತೊಳೆದೆ. ತೊಳಸೋ ಹೊಟ್ಟೆಯವನು ವಿನೆಗರ್ ವಾಸನೆ ಮುಂದೆ ನಿಲ್ತಾನಾ? ತೊಳೆದು ಮುಗಿಸಿದೆ, ಆದ್ರೆ ಮನೆಗೆ ಒಯ್ಯೋಕಾಗಲಿಲ್ಲ. ಕೈಯಲ್ಲಿ ಹಿಡಿದು ಹೊರಗೆ ನಡೆದಿದ್ರೆ ಇವು ಲಿಯೋನಾದು ಅಂತ ಯಾರಾದ್ರೂ ಹೇಳಿಬಿಡ್ತಿದ್ರು. ಕೊಲೆಟ್ ಸರಿದ್ರೆ ಪಕ್ಷದವರು ಯಾರನ್ನ ನಿಲ್ಲಿಸ್ತಿದ್ರು, ಹಾರ್ಲನ್?"

ಹಾರ್ಲನ್ ಒಂದು ಭರಣಿಯನ್ನು ತನ್ನತ್ತ ಎಳೆದುಕೊಂಡ.

"ನನ್ನ ಸರದಿ ಅದು," ಎಂದ. "ಹಳೇ ಸಂಸದರ ಕೋಟು ಹಿಡಿದುಕೊಂಡೆ, ಅವರು ಆಡಿದ ಮಾತೆಲ್ಲ ನಾನು ಬರೆದುಕೊಟ್ಟಿದ್ದು. ಇವಳು ಕೊಟ್ಟಿಗೆಯಿಂದ ಎದ್ದು ಬಂದಳು, ಎಲ್ಲರೂ ಇವಳ ಹಿಂದೆ ಹೋದ್ರು. ಒಂದು ದಿನ ವಾಂತಿ ಆಗುತ್ತೆ, ಅಷ್ಟೇ ಅಂದ್ಕೊಂಡೆ. ಆಲ್ಫೇಗೆ ಹಾಗಾಗುತ್ತೆ ಅಂತ ಅಂದ್ಕೊಂಡಿರಲಿಲ್ಲ."

"ರೊಸೇರ್‌ಗೆ?" ಎಂದಳು ಕೊಲೆಟ್. "ಅವನಿಗೆ ಏನಾಗುತ್ತೆ ಅಂದ್ಕೊಂಡಿದ್ದೆ?"

ರೊಸೇರ್ ಗೋಡೆಗೊರಗಿ ನಿಂತಿದ್ದ, ಕೆನ್ನೆ ಒದ್ದೆಯಾಗಿತ್ತು. ನನಗೆ ಹಾರ್ಲನ್‌ನ ಕೆನ್ನೆಗೆ ಎರಡು ಬಾರಿಸಬೇಕೆನಿಸಿತು. ಪೊಲೀಸಿನವನು ಮುಂದೆ ಬರದಿದ್ದರೆ ಬಾರಿಸಿಯೇ ಬಿಡುತ್ತಿದ್ದೆ.

ಹಾರ್ಲನ್ ಎದ್ದು ಪೊಲೀಸಿನವನ ಜೊತೆ ಬಾಗಿಲ ಕಡೆ ಹೊರಟಾಗ ಕೊಲೆಟ್ ತಡೆದಳು. ಮೂರೂ ಭರಣಿಗಳನ್ನು ಒಂದು ಬುಟ್ಟಿಯಲ್ಲಿಟ್ಟು ಅವನ ಕೈಗೆ ಕೊಟ್ಟಳು.

"ನಿಮ್ಮಮ್ಮ ಈ ಹಾಲ್‌ನಿಂದ ಒಂದು ದಿನವೂ ಭರಣಿ ಬಿಟ್ಟು ಹೋದವಳಲ್ಲ," ಎಂದಳು. "ತಗೊಂಡು ಹೋಗು."

ಅಷ್ಟು ಹೊತ್ತೂ ಕಲ್ಲಾಗಿದ್ದವನು ಬುಟ್ಟಿಯನ್ನು ಎದೆಗವಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಯಾರೂ ಅವನ ಕಡೆ ನೋಡಲಿಲ್ಲ. ಯೂಡಾಕ್ಸಿ ಮಾತ್ರ ಲಿಯೋನಾಳ ಹೆಸರು ಹೇಳಿ ಶಿಲುಬೆಯ ಗುರುತು ಹಾಕಿಕೊಂಡಳು.

ಆರು ಗಂಟೆಗೆ ಕೊಲೆಟ್ ಪಕ್ಷದ ಆಫೀಸಿಗೆ ಫೋನ್ ಮಾಡಿಯೇ ಮಾಡಿದಳು. ನಾವೆಲ್ಲ ಸುತ್ತ ನಿಂತಿದ್ದೆವು.

"ನಾನು ಕಣದಲ್ಲೇ ಇರ್ತೀನಿ," ಎಂದಳು. "ನವೆಂಬರ್‌ನ ಚುನಾವಣೆ ತನಕ ಪ್ರತಿ ಭಾನುವಾರ ಒಂದೊಂದು ಊರಲ್ಲಿ ಗುಂಡಿ ಕಾಳಿನ ಊಟ. ಮೊದಲನೇದು ಇಲ್ಲೇ. ಹೌದು, ಅಡುಗೆ ರೊಸೇರ್‌ದೇ. ಟಿವಿಯವರಿಗೂ ಹೇಳಿ, ಅವರೂ ಬಂದು ಉಣ್ಣಲಿ."

ಫೋನ್ ಇಟ್ಟು ತಿರುಗಿದರೆ ರೊಸೇರ್ ಅಲ್ಲಿರಲಿಲ್ಲ. ಹಿತ್ತಲಿಗೆ ಹೋಗಿ ನೋಡಿದೆವು. ಟೋಪಿಯನ್ನು ನೆಟ್ಟಗೆ ತಲೆಯ ಮೇಲಿಟ್ಟುಕೊಂಡು, ಸಲಿಕೆ ಹಿಡಿದು ಮುದುಕ ಆಗಲೇ ಹಳೇ ಬೂದಿ ತೆಗೆಯಲು ಶುರು ಮಾಡಿದ್ದ.